ಊಟದ ನಂತರದ ಶುಗರ್: ಒಂದು ಸಲ ನೋಡಿದರೆ ಸಾಲದು, ಜೋಡಿಯಾಗಿ ನೋಡಿ

ಊಟ ಆಗಿ ಎರಡು ಗಂಟೆ. ಮೀಟರ್‌ನಲ್ಲಿ 205 ಅಂತ ಬಂತು. ಇದು ಎಷ್ಟು ಕೆಟ್ಟದ್ದು? ಇಷ್ಟೇ ಹೇಳಿದರೆ ಡಾಕ್ಟರಿಗೂ ಉತ್ತರ ಕೊಡುವುದು ಕಷ್ಟ. ಊಟಕ್ಕೆ ಮುಂಚೆ 110 ಇದ್ದು ಈಗ 205 ಆಗಿದೆ ಅಂದರೆ ಆ ಒಂದು ಊಟವೇ ಶುಗರನ್ನು 95 ಏರಿಸಿದೆ, ತಟ್ಟೆಯಲ್ಲಿ ಏನಿತ್ತು, ಎಷ್ಟಿತ್ತು ಅಂತ ನೋಡಬೇಕು. ಊಟಕ್ಕೆ ಮುಂಚೆಯೇ 180 ಇತ್ತು ಅಂದರೆ ಊಟ ಏರಿಸಿದ್ದು ಬರೀ 25. ಪಾಪ, ಆ ಊಟದ ತಪ್ಪೇನೂ ಇಲ್ಲ. ಶುಗರ್ ಮೊದಲಿಂದಲೇ ಮೇಲಿತ್ತು, ಕಾರಣವನ್ನು ಬೇರೆ ಕಡೆ ಹುಡುಕಬೇಕು: ಮಧ್ಯೆ ತಿಂದದ್ದೋ, ಬಿಟ್ಟ ಮಾತ್ರೆಯೋ, ಸಾಲದ ಡೋಸೋ.

ಅದಕ್ಕೇ ನನ್ನ ಪ್ರಕಾರ ಊಟದ ನಂತರದ ಟೆಸ್ಟ್ ಅಂದರೆ ಒಂದು ಟೆಸ್ಟ್ ಅಲ್ಲ, ಎರಡು. ತಿನ್ನುವ ಮುಂಚೆ ಒಂದು, ತಿಂದ ಮೇಲೆ ಒಂದು. ಸ್ಟ್ರಿಪ್ ಉಳಿಸಬೇಕು ಅಂದರೆ ವಾರದಲ್ಲಿ ಕಡಿಮೆ ದಿನ ನೋಡಿ, ಆದರೆ ನೋಡಿದ ದಿನ ಜೋಡಿಯಾಗಿ ನೋಡಿ. ದಿನಾ ಯಾವಾಗಲೋ ಒಂದು ಸಲ ಚುಚ್ಚಿ ಒಂಟಿ ಸಂಖ್ಯೆ ಬರೆಯುವುದಕ್ಕಿಂತ ವಾರಕ್ಕೆ ಮೂರು ಜೋಡಿ ಎಷ್ಟೋ ಮೇಲು. (ಇದು ಮಾತ್ರೆಯಲ್ಲಿ ಅಥವಾ ಬರೀ ಪಥ್ಯದಲ್ಲಿ ಇರುವವರಿಗೆ ಹೇಳಿದ್ದು. ಊಟಕ್ಕೆ ಇನ್ಸುಲಿನ್ ತೆಗೆದುಕೊಳ್ಳುವವರು ಎಷ್ಟು ಸಲ ನೋಡಬೇಕು ಅಂತ ಡಾಕ್ಟರ್ ಹೇಳಿರುತ್ತಾರಲ್ಲ, ಅದನ್ನು ಕಡಿಮೆ ಮಾಡಬೇಡಿ.)

ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಚೆನ್ನಾಗೇ ಬರುತ್ತಿದೆ, ಮತ್ತೆ ಇದೆಲ್ಲ ಯಾಕೆ ಅಂತ ಕೇಳುವವರು ತುಂಬಾ ಜನ. ಬೆಳಗ್ಗೆ 115, 120. ಆದರೆ ಎಚ್‌ಬಿಎ1ಸಿ ಮಾತ್ರ 7.4. ಲ್ಯಾಬ್‌ನವರು ತಪ್ಪು ಮಾಡಿರಬೇಕು ಅಂತ ಅನುಮಾನ ಶುರುವಾಗುತ್ತದೆ. ಎಚ್‌ಬಿಎ1ಸಿ ತೋರಿಸುವುದು ಸುಮಾರು ಮೂರು ತಿಂಗಳ ಸರಾಸರಿ, ಅದರಲ್ಲಿ ನೀವು ಮೀಟರ್ ಮುಟ್ಟದೇ ಇದ್ದ ಮಧ್ಯಾಹ್ನಗಳೂ ರಾತ್ರಿಗಳೂ ಸೇರಿರುತ್ತವೆ. 2003ರಲ್ಲಿ ಫ್ರಾನ್ಸ್‌ನ ಸಂಶೋಧಕರು ಟೈಪ್ 2 ಡಯಾಬಿಟಿಸ್ ಇರುವವರಲ್ಲಿ ಇದನ್ನೇ ಅಳೆದು ನೋಡಿದರು. ಎಚ್‌ಬಿಎ1ಸಿ 7.3ಕ್ಕಿಂತ ಕಡಿಮೆ ಇದ್ದವರಲ್ಲಿ ಹೆಚ್ಚುವರಿ ಶುಗರ್‌ನ ಸುಮಾರು ಶೇ 70ರಷ್ಟು ಬಂದದ್ದು ಊಟದ ನಂತರದ ಏರಿಕೆಯಿಂದ. 10.2ಕ್ಕಿಂತ ಜಾಸ್ತಿ ಇದ್ದವರಲ್ಲಿ ಇದು ಉಲ್ಟಾ, ಅಲ್ಲಿ ಖಾಲಿ ಹೊಟ್ಟೆಯ ಶುಗರ್‌ದೇ ದೊಡ್ಡ ಪಾಲು. ಅಂದರೆ ನಿಮ್ಮ ಎಚ್‌ಬಿಎ1ಸಿ 10, 11ರಲ್ಲಿದ್ದರೆ ಮೊದಲು ಬೆಳಗಿನ ಶುಗರ್ ಇಳಿಸುವ ಕಡೆ ಗಮನ ಕೊಡಿ. ಏಳರ ಹತ್ತಿರ ಬಂದು ಅಲ್ಲೇ ಸಿಕ್ಕಿಹಾಕಿಕೊಂಡಿದ್ದರೆ ಊಟದ ನಂತರ ಏನಾಗುತ್ತಿದೆ ಅಂತ ನೋಡಲೇಬೇಕು.

ಗಡಿಯಾರ ಯಾವಾಗಿಂದ ಶುರು?

ಮೊದಲ ತುತ್ತಿನಿಂದ. ಕೈ ತೊಳೆದ ಮೇಲೆ ಅಲ್ಲ. ಇದು ಸಣ್ಣ ವಿಷಯ ಅನ್ನಿಸಬಹುದು, ಆದರೆ ಮಾತಾಡುತ್ತಾ ನಿಧಾನವಾಗಿ ಮುಕ್ಕಾಲು ಗಂಟೆ ಊಟ ಮಾಡುವವರು ಊಟ ಮುಗಿದ ಮೇಲೆ ಲೆಕ್ಕ ಶುರು ಮಾಡಿದರೆ ಅವರ ಎರಡು ಗಂಟೆ ನಿಜವಾಗಿ ಎರಡೂ ಮುಕ್ಕಾಲು ಗಂಟೆ ಆಗಿರುತ್ತದೆ, ಅಷ್ಟು ಹೊತ್ತಿಗೆ ಶುಗರ್ ಇಳಿಯೋಕೆ ಶುರುವಾಗಿ ಸಂಖ್ಯೆ ಚೆನ್ನಾಗಿ ಕಾಣುತ್ತದೆ. ಸುಮ್ನೆ ನಮಗೆ ನಾವೇ ಮೋಸ. ಮೊದಲ ತುತ್ತು ಬಾಯಿಗೆ ಇಡುವಾಗಲೇ ಫೋನಿನಲ್ಲಿ ಎರಡು ಗಂಟೆಗೆ ಅಲಾರಂ ಇಟ್ಟುಬಿಡಿ. ಆ ಎರಡು ಗಂಟೆ ಮಧ್ಯೆ ಬೇರೇನೂ ತಿನ್ನಬೇಡಿ. ಸಕ್ಕರೆ ಹಾಕಿದ ಕಾಫಿ, ಟೀ, ಜ್ಯೂಸ್ ಎಲ್ಲವೂ ತಿಂದ ಲೆಕ್ಕಕ್ಕೇ ಸೇರುತ್ತವೆ. ನೀರು ಕುಡಿಯಬಹುದು.

ಒಂದು ಗಂಟೆಗೆ ನೋಡಬೇಕಾ, ಎರಡು ಗಂಟೆಗಾ? ಸಾಮಾನ್ಯವಾಗಿ ಎರಡು ಗಂಟೆ ಅಂತ ಇಟ್ಟುಕೊಳ್ಳಿ, ಲ್ಯಾಬ್ ರಿಪೋರ್ಟ್‌ನಲ್ಲಿ ಪಿಪಿಬಿಎಸ್ ಅಂತ ಬರುವುದೂ ಅದೇ. ಆದರೆ ಶುಗರ್ ತುತ್ತತುದಿ ಮುಟ್ಟುವುದು ಎಷ್ಟೋ ಜನರಲ್ಲಿ ಒಂದರಿಂದ ಒಂದೂವರೆ ಗಂಟೆ ಒಳಗೆ. ನಿಮ್ಮದು ಯಾವಾಗ ಅಂತ ಗೊತ್ತಾಗಬೇಕಾದರೆ ಬಿಡುವಿರುವ ಒಂದು ದಿನ ಮಾಮೂಲಿ ಊಟವನ್ನೇ ಮಾಡಿ, ಮುಂಚೆ ಒಂದು ಸಲ, ಆಮೇಲೆ ಒಂದು, ಎರಡು, ಮೂರು ಗಂಟೆಗೆ ಒಂದೊಂದು ಸಲ ನೋಡಿ. ನಾಲ್ಕು ಸ್ಟ್ರಿಪ್ ಖರ್ಚು, ನಿಜ. ಆದರೆ ಮುಂದೆ ಯಾವ ಹೊತ್ತಿಗೆ ಚುಚ್ಚಬೇಕು ಅಂತ ಅಂದಾಜಾಗಿಬಿಡುತ್ತದೆ.

ಎಣ್ಣೆ, ಕೊಬ್ಬು ಜಾಸ್ತಿ ಇರುವ ಊಟದ ಕಥೆಯೇ ಬೇರೆ. ಕೊಬ್ಬು ಹೊಟ್ಟೆ ಖಾಲಿಯಾಗುವುದನ್ನು ನಿಧಾನ ಮಾಡುತ್ತದೆ. ಎರಡು ಗಂಟೆಗೆ 150 ಬಂದು ಖುಷಿಪಟ್ಟು ಮಲಗಿದರೆ, ನಾಲ್ಕು ಗಂಟೆ ಆದ ಮೇಲೆ ಶುಗರ್ ಮೇಲೆ ಹತ್ತಿರುತ್ತದೆ. ಹಬ್ಬ, ಮದುವೆ ಊಟ, ಕರಿದ ತಿಂಡಿ ಆದ ದಿನ ಮೂರೂವರೆ, ನಾಲ್ಕು ಗಂಟೆಗೆ ಇನ್ನೊಂದು ಸಲ ನೋಡಿದರೆ ವಿಷಯ ತಿಳಿಯುತ್ತದೆ. ತುಂಬಾ ವರ್ಷದಿಂದ ಡಯಾಬಿಟಿಸ್ ಇದ್ದು, ಸ್ವಲ್ಪ ತಿಂದರೂ ಹೊಟ್ಟೆ ತುಂಬಿದ ಹಾಗೆ ಆಗುವುದು, ಉಬ್ಬರ, ವಾಕರಿಕೆ ಇರುವವರಲ್ಲಿ ಹೊಟ್ಟೆಯ ನರಗಳೇ ಸೋತಿರಬಹುದು. ಅವರಲ್ಲಿ ಎಲ್ಲ ಊಟವೂ ತಡವಾಗಿಯೇ ಏರುತ್ತದೆ. ಇನ್ಸುಲಿನ್ ಬೇಗ ಕೆಲಸ ಮಾಡಿ ಊಟ ಆಮೇಲೆ ಬಂದರೆ ಮೊದಲು ಶುಗರ್ ತೀರಾ ಇಳಿದು ಆಮೇಲೆ ಏರುತ್ತದೆ. ಹೀಗೆ ಕಂಡರೆ ಡಾಕ್ಟರಿಗೆ ಹೇಳಿ.

ಎಷ್ಟಿರಬೇಕು

ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ ಗರ್ಭಿಣಿಯರಲ್ಲದ ವಯಸ್ಕರಿಗೆ ಹೇಳುವುದು ಇದು: ಊಟಕ್ಕೆ ಮುಂಚೆ 80ರಿಂದ 130, ಊಟ ಶುರುವಾಗಿ ಒಂದರಿಂದ ಎರಡು ಗಂಟೆಯಲ್ಲಿ 180ರ ಒಳಗೆ. ಲೆಕ್ಕ ಮಿಲಿಗ್ರಾಂ/ಡೆಸಿಲೀಟರ್‌ನಲ್ಲಿ. ಕೆಲವು ದೇಶಗಳ ಮೀಟರ್ ಮಿಲಿಮೋಲ್‌ನಲ್ಲಿ ತೋರಿಸುತ್ತದೆ, ಅದನ್ನು 18ರಿಂದ ಗುಣಿಸಿ. ಅಲ್ಲಿಯ 10 ಅಂದರೆ ಇಲ್ಲಿಯ 180. ಡಯಾಬಿಟಿಸ್ ಇಲ್ಲದವರಲ್ಲಿ ಎರಡು ಗಂಟೆಗೆ ಸಾಮಾನ್ಯವಾಗಿ 140ರ ಒಳಗೇ ಇರುತ್ತದೆ.

ಗರ್ಭಿಣಿಯರಿಗೆ ಗುರಿ ಇನ್ನೂ ಬಿಗಿ: ಖಾಲಿ ಹೊಟ್ಟೆಯಲ್ಲಿ 95ರ ಒಳಗೆ, ಒಂದು ಗಂಟೆಗೆ 140ರ ಒಳಗೆ, ಎರಡು ಗಂಟೆಗೆ 120ರ ಒಳಗೆ. ಇಲ್ಲಿ ಬೇರೆಯವರ ಲೆಕ್ಕ ಹಾಕಿಕೊಂಡು ಸಮಾಧಾನ ಪಡಬಾರದು. ಅದೇ 80 ವರ್ಷದ ಅಜ್ಜಿ, ಹೃದಯದ ತೊಂದರೆ, ಆಗಾಗ ಶುಗರ್ ಇಳಿದು ತಲೆ ಸುತ್ತುವುದು ಇದ್ದರೆ ಡಾಕ್ಟರೇ ಗುರಿಯನ್ನು ಸಡಿಲ ಮಾಡಿರುತ್ತಾರೆ, ಮನೆಯವರು 180 ಅಂತ ಹಟ ಹಿಡಿದು ಅವರ ತಟ್ಟೆ ಕಿತ್ತುಕೊಳ್ಳಬೇಡಿ. ನಿಮಗೆ ಅಂತ ಡಾಕ್ಟರ್ ಹೇಳಿದ ಸಂಖ್ಯೆ ಬೇರೆ ಇದ್ದರೆ ಅದೇ ನಿಮ್ಮ ಸಂಖ್ಯೆ.

ಚುಚ್ಚುವುದು

ಎಲ್ಲರಿಗೂ ಗೊತ್ತು ಅಂತ ಅಂದುಕೊಳ್ಳುತ್ತೇವೆ, ಆದರೆ ತಪ್ಪು ಸಂಖ್ಯೆ ಬರುವುದು ಹೆಚ್ಚಾಗಿ ಇಲ್ಲೇ. ಊಟದ ನಂತರದ ಟೆಸ್ಟ್‌ನಲ್ಲಂತೂ ಕೈಯೇ ಶತ್ರು. ಹಣ್ಣು ಸುಲಿದ ಬೆರಳಿನಲ್ಲಿ ಕಣ್ಣಿಗೆ ಕಾಣದಷ್ಟು ರಸ ಅಂಟಿಕೊಂಡಿದ್ದರೂ ಆ ಸಕ್ಕರೆ ರಕ್ತದ ಹನಿಗೆ ಸೇರಿ ಸಂಖ್ಯೆಯನ್ನು ಎಲ್ಲಿಂದೆಲ್ಲಿಗೋ ಒಯ್ಯುತ್ತದೆ. ಸ್ಪಿರಿಟ್ ಹತ್ತಿಯಲ್ಲಿ ಸುಮ್ನೆ ಒರೆಸಿದರೆ ಅದು ಪೂರ್ತಿ ಹೋಗುವುದಿಲ್ಲ. ಸೋಪು, ನೀರು ಹಾಕಿ ತೊಳೆಯಿರಿ. ಆಮೇಲೆ ಚೆನ್ನಾಗಿ ಒರೆಸಿ, ಯಾಕೆಂದರೆ ಬೆರಳು ಒದ್ದೆ ಇದ್ದರೆ ಹನಿ ನೀರಾಗಿ ಕಡಿಮೆ ತೋರಿಸಬಹುದು. ಕೈ ತೊಳೆಯಲು ಸಾಧ್ಯವೇ ಇಲ್ಲದ ಕಡೆ ಮೊದಲ ಹನಿ ಒರೆಸಿ ಎರಡನೆಯದನ್ನು ಬಳಸಿ.

ಬೆರಳ ತುದಿಯ ನಡುವೆ ಚುಚ್ಚಬೇಡಿ, ನೋವು ಜಾಸ್ತಿ. ಉಗುರಿನ ಪಕ್ಕದ ಅಂಚಿನಲ್ಲಿ ಚುಚ್ಚಿ, ದಿನಕ್ಕೊಂದು ಬೆರಳು ಬದಲಿಸಿ. ಚುಚ್ಚುವ ಮುಂಚೆ ಕೈಯನ್ನು ಒಂದು ನಿಮಿಷ ಕೆಳಗೆ ಇಳಿಬಿಡಿ, ತಣ್ಣಗಿದ್ದರೆ ಬಿಸಿನೀರಿನಲ್ಲಿ ತೊಳೆಯಿರಿ. ಚುಚ್ಚಿದ ಮೇಲೆ ಅಂಗೈ ಕಡೆಯಿಂದ ಬೆರಳಿನ ತುದಿಗೆ ಮೆತ್ತಗೆ ಸವರಿ. ಗಟ್ಟಿಯಾಗಿ ಹಿಂಡಿದರೆ ರಕ್ತದ ಜೊತೆ ಒಳಗಿನ ನೀರಿನಂಥ ದ್ರವವೂ ಬಂದು ಲೆಕ್ಕ ಕೆಡುತ್ತದೆ. ಹನಿಯ ಮೇಲೆ ಸ್ಟ್ರಿಪ್ ಒತ್ತಬೇಡಿ, ತುದಿಯನ್ನು ಹನಿಗೆ ತಾಗಿಸಿ ಹಿಡಿದರೆ ಸಾಕು, ಅದೇ ಸುರ್ ಅಂತ ಎಳೆದುಕೊಳ್ಳುತ್ತದೆ. ಕಿಟಕಿ ಪೂರ್ತಿ ಕೆಂಪಾಗದೆ ಅರ್ಧಕ್ಕೆ ನಿಂತರೆ ಆ ಸ್ಟ್ರಿಪ್ ಬಿಟ್ಟು ಹೊಸದು ಹಾಕಿ.

ಮುಂಗೈಯಿಂದ ರಕ್ತ ತೆಗೆಯಬಹುದು ಅಂತ ಕೆಲವು ಮೀಟರ್‌ನ ಪುಸ್ತಕದಲ್ಲಿ ಇರುತ್ತದೆ. ಊಟದ ನಂತರ ಬೇಡ. ಶುಗರ್ ಬೇಗ ಬೇಗ ಏರಿಳಿಯುವಾಗ ಮುಂಗೈ ರಕ್ತ ಬೆರಳಿಗಿಂತ ಹಿಂದೆ ಉಳಿಯುತ್ತದೆ. ಸೂಜಿ ಪ್ರತಿ ಸಲ ಹೊಸದು, ಮತ್ತೆ ಮನೆಯಲ್ಲಿ ಇಬ್ಬರಿಗೆ ಡಯಾಬಿಟಿಸ್ ಇದ್ದರೂ ಚುಚ್ಚುವ ಪೆನ್ನು ಒಬ್ಬರಿಗೊಂದು. ಸೂಜಿ ಬದಲಿಸಿದರೆ ಸಾಕು ಅನ್ನುವ ಹಾಗಿಲ್ಲ, ಪೆನ್ನಿನ ತುದಿಯಲ್ಲಿ ಉಳಿದ ರಕ್ತದಿಂದಲೂ ಹೆಪಟೈಟಿಸ್ ಬಿ ದಾಟುತ್ತದೆ. ಬಳಸಿದ ಸೂಜಿ ಗಟ್ಟಿ ಡಬ್ಬಿಗೆ ಹಾಕಿ.

ಸ್ಟ್ರಿಪ್ ಡಬ್ಬಿಯ ಮುಚ್ಚಳ ತಕ್ಷಣ ಹಾಕಿ. ತೇವ, ಬಿಸಿಲು, ಮುಗಿದ ತಾರೀಖು, ಮೂರೂ ಸ್ಟ್ರಿಪ್ ಕೆಡಿಸುತ್ತವೆ. ಅಡುಗೆಮನೆ ಕಿಟಕಿ ಮೇಲೆ ಇಡುವವರನ್ನು ನೋಡಿದ್ದೇನೆ, ದಯವಿಟ್ಟು ಬೇಡ.

ಲ್ಯಾಬ್‌ನಲ್ಲಿ ಒಂದು, ಮನೆಯಲ್ಲಿ ಇನ್ನೊಂದು

ಇದರ ಬಗ್ಗೆ ಜಗಳವೇ ಆಗುತ್ತದೆ. ಮೀಟರ್‌ಗಳ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ (ಐಎಸ್‌ಒ 15197, 2013ರದ್ದು) ಶುಗರ್ 100 ಅಥವಾ ಅದಕ್ಕಿಂತ ಮೇಲಿದ್ದಾಗ ನೂರಕ್ಕೆ 95 ಸಲ ಸಂಖ್ಯೆ ಶೇ 15ರ ಒಳಗಿನ ವ್ಯತ್ಯಾಸದಲ್ಲಿದ್ದರೆ ಸಾಕು. ನಿಜವಾದ ಶುಗರ್ 200 ಇದ್ದಾಗ ಮೀಟರ್ 175 ತೋರಿಸಿದರೂ 225 ತೋರಿಸಿದರೂ ಅದು ಒಳ್ಳೆಯ ಮೀಟರೇ. ಹಾಗಾಗಿ 178 ಬಂದರೆ ಪಾಸ್, 184 ಬಂದರೆ ಫೇಲ್ ಅನ್ನುವ ಲೆಕ್ಕ ಬಿಡಿ.

ಇನ್ನೊಂದು ಕಾರಣ ತುಂಬಾ ಜನರಿಗೆ ಗೊತ್ತಿಲ್ಲ. ಬೆರಳಿನ ರಕ್ತ ಸಣ್ಣ ರಕ್ತನಾಳಗಳದ್ದು, ಲ್ಯಾಬ್‌ನವರು ತೋಳಿನಿಂದ ತೆಗೆಯುವುದು ಅಭಿಧಮನಿಯದ್ದು, ಅಂದರೆ ಅಂಗಾಂಶಗಳು ತಮಗೆ ಬೇಕಾದ ಸಕ್ಕರೆ ಹೀರಿಕೊಂಡು ವಾಪಸ್ ಕಳಿಸಿದ ರಕ್ತ. ಖಾಲಿ ಹೊಟ್ಟೆಯಲ್ಲಿ ಎರಡಕ್ಕೂ ಹೆಚ್ಚು ವ್ಯತ್ಯಾಸ ಇರುವುದಿಲ್ಲ. ಊಟ ಆದ ಮೇಲೆ ಬೆರಳಿನದೇ ಜಾಸ್ತಿ. ಮೀಟರ್ ಸರಿಯಿದೆಯಾ ಅಂತ ಲ್ಯಾಬ್ ಜೊತೆ ಹೋಲಿಸಬೇಕಾದರೆ ಖಾಲಿ ಹೊಟ್ಟೆಯಲ್ಲೇ ಹೋಲಿಸಿ. ರಕ್ತಹೀನತೆ ಇದ್ದರೆ ಮೀಟರ್ ಇರುವುದಕ್ಕಿಂತ ಜಾಸ್ತಿ ತೋರಿಸುವ ಸಾಧ್ಯತೆ ಇದೆ, ಅದೂ ನೆನಪಿರಲಿ.

ಲ್ಯಾಬ್‌ಗೆ ಪಿಪಿಬಿಎಸ್ ಕೊಡಲು ಹೋಗುವ ದಿನ ಮಾತ್ರ ಅರ್ಧ ಊಟ ಮಾಡುವವರಿದ್ದಾರೆ. ರಿಪೋರ್ಟ್ ಚೆನ್ನಾಗಿ ಬರುತ್ತದೆ, ಅದನ್ನು ನಂಬಿ ಡಾಕ್ಟರ್ ಮಾತ್ರೆ ಹಾಗೇ ಬಿಡುತ್ತಾರೆ. ದಿನಾ ತಿನ್ನುವುದನ್ನೇ ತಿನ್ನಿ, ಊಟದ ಹೊತ್ತಿನ ಮಾತ್ರೆಯನ್ನೂ ಎಂದಿನಂತೆ ತೆಗೆದುಕೊಳ್ಳಿ, ಬೇಡ ಅಂತ ಡಾಕ್ಟರ್ ಹೇಳಿದ್ದರೆ ಮಾತ್ರ ಬಿಡಿ.

ಬರೆಯುವುದು, ಒಂದೊಂದೇ ಬದಲಿಸುವುದು

ಆಪ್ ಆಗಲಿ ಹಳೇ ನೋಟ್‌ಬುಕ್ ಆಗಲಿ, ಒಂದು ಸಾಲು ಹೀಗಿರಲಿ:

ಸೋಮವಾರ ಮಧ್ಯಾಹ್ನ. ಮುಂಚೆ 122. ಅನ್ನ ಎರಡು ಕಪ್, ತರಕಾರಿ ಸ್ವಲ್ಪ, ಒಂದು ಮೊಟ್ಟೆ. ಊಟ ಆಗಿ ಕೂತೇ ಇದ್ದೆ. ಎರಡು ಗಂಟೆಗೆ 214.

ಇಷ್ಟೇ. ತೂಕ ಹಾಕಬೇಕಿಲ್ಲ, ಆದರೆ ಯಾವಾಗಲೂ ಒಂದೇ ಕಪ್ಪಿನಲ್ಲಿ ಅಳೆಯಿರಿ. ಈಗ ಇದೇ ಊಟವನ್ನು ಇನ್ನೊಂದು ದಿನ ಮಾಡಿ, ಒಂದೇ ಒಂದು ವಿಷಯ ಬದಲಿಸಿ. ಅನ್ನ ಒಂದು ಕಪ್ ಮಾಡಿ, ಉಳಿದದ್ದೆಲ್ಲ ಹಾಗೇ ಇರಲಿ. ಇನ್ನೊಂದು ದಿನ ಅನ್ನ ಮತ್ತೆ ಎರಡು ಕಪ್ಪೇ, ಆದರೆ ತರಕಾರಿ, ಮೊಟ್ಟೆ ಮೊದಲು ತಿಂದು ಅನ್ನ ಕೊನೆಗೆ. ಪಿಷ್ಟವನ್ನು ಕೊನೆಗೆ ತಿಂದರೆ ಏರಿಕೆ ಕಡಿಮೆ ಆಗುವುದು ಅಧ್ಯಯನಗಳಲ್ಲಿ ಕಂಡಿದೆ, ಆದರೆ ನಿಮ್ಮ ಮೈಯಲ್ಲಿ ಎಷ್ಟು ಅಂತ ನಿಮ್ಮ ಮೀಟರೇ ಹೇಳಬೇಕು. ಎರಡನ್ನೂ ಒಂದೇ ದಿನ ಮಾಡಿದರೆ ಯಾವುದು ಕೆಲಸ ಮಾಡಿತು ಅಂತ ತಿಳಿಯುವುದಿಲ್ಲ.

ನಡಿಗೆಯನ್ನೂ ಹೀಗೇ ಪರೀಕ್ಷಿಸಿ. ನ್ಯೂಜಿಲೆಂಡ್‌ನ ಒಟಾಗೊ ವಿಶ್ವವಿದ್ಯಾಲಯದವರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಟೈಪ್ 2 ಇರುವವರು ದಿನಕ್ಕೆ ಯಾವಾಗಲೋ ಒಮ್ಮೆ 30 ನಿಮಿಷ ನಡೆದದ್ದಕ್ಕಿಂತ, ಪ್ರತಿ ಊಟದ ನಂತರ 10 ನಿಮಿಷ ನಡೆದಾಗ ಊಟದ ನಂತರದ ಶುಗರ್ ಸರಾಸರಿ ಶೇ 12ರಷ್ಟು ಕಡಿಮೆ ಇತ್ತು. ರಾತ್ರಿ ಊಟದ ನಂತರ ಲಾಭ ಇನ್ನೂ ಜಾಸ್ತಿ. ಬೆಳಗಿನ ವಾಕಿಂಗ್ ಬಿಡಿ ಅಂತ ಹೇಳುತ್ತಿಲ್ಲ, ಆದರೆ ರಾತ್ರಿ ಊಟ ಮಾಡಿ ಸೀದಾ ಹಾಸಿಗೆಗೆ ಹೋಗುವವರು ಮೊದಲು ಇದನ್ನು ಮಾಡಿ ನೋಡಿ. ನನಗೆ ಕೇಳಿದರೆ ದುಬಾರಿ ಪುಡಿ, ಕಷಾಯಗಳ ಹಿಂದೆ ಹೋಗುವುದಕ್ಕಿಂತ ಈ ಹತ್ತು ನಿಮಿಷ ವಾಸಿ.

ಒಂದು ಜೋಡಿ ನೋಡಿ ತೀರ್ಮಾನಕ್ಕೆ ಬರಬೇಡಿ. ನಿದ್ದೆ ಇಲ್ಲದ ರಾತ್ರಿ, ಜ್ವರ, ಟೆನ್ಷನ್, ಎಲ್ಲವೂ ಏರಿಸುತ್ತವೆ. ಸ್ಟಿರಾಯ್ಡ್ ಮಾತ್ರೆ ಬೆಳಗ್ಗೆ ತೆಗೆದುಕೊಳ್ಳುವವರಲ್ಲಿ ಬೆಳಗಿನ ಶುಗರ್ ಚೆನ್ನಾಗಿದ್ದು ಮಧ್ಯಾಹ್ನ, ಸಂಜೆ ಹೊತ್ತಿಗೆ ಹಾರುತ್ತದೆ. ಇನ್ನು ಒಂದೇ ಪ್ರಮಾಣದ ಪಿಷ್ಟ ಬೆಳಗಿನ ತಿಂಡಿಯಲ್ಲಿ ತಿಂದರೆ ಜಾಸ್ತಿ ಏರಿಸುವುದು, ಮಧ್ಯಾಹ್ನ ಅಷ್ಟು ಏರಿಸದೇ ಇರುವುದು ಅನೇಕರಲ್ಲಿ ಇದೆ, ಯಾಕೆಂದರೆ ಬೆಳಗಿನ ಜಾವದ ಹಾರ್ಮೋನುಗಳು ಇನ್ಸುಲಿನ್‌ಗೆ ಅಡ್ಡ ಬರುತ್ತವೆ. ಆದ್ದರಿಂದ ತಿಂಡಿಯನ್ನು ತಿಂಡಿಯ ಜೊತೆಗೇ ಹೋಲಿಸಿ, ರಾತ್ರಿ ಊಟದ ಜೊತೆ ಅಲ್ಲ. ಒಂದು ವಾರ ತಿಂಡಿ, ಮುಂದಿನ ವಾರ ಮಧ್ಯಾಹ್ನ, ಆಮೇಲೆ ರಾತ್ರಿ, ಹೀಗೆ ಹೋದರೆ ಬೆರಳಿಗೂ ವಿಶ್ರಾಂತಿ.

ತೋಳಿಗೆ ಅಂಟಿಸುವ ಸೆನ್ಸರ್ ಇದ್ದರೆ

ಏರಿಳಿತವೆಲ್ಲ ಗೆರೆಯಾಗಿ ಕಾಣುತ್ತದೆ, ಅದು ದೊಡ್ಡ ಲಾಭ. ಆದರೆ ಅದು ಅಳೆಯುವುದು ರಕ್ತವನ್ನಲ್ಲ, ಚರ್ಮದ ಕೆಳಗಿನ ದ್ರವವನ್ನು, ಅಲ್ಲಿಗೆ ಸಕ್ಕರೆ ಬರುವುದು ಕೆಲವು ನಿಮಿಷ ತಡ. ಊಟ ಆಗಿ ಶುಗರ್ ಓಡುತ್ತಿರುವಾಗ ಬೆರಳಿಗೂ ಸೆನ್ಸರ್‌ಗೂ ಹೊಂದದೇ ಇರುವುದು ಸಹಜ. ಆ ಕೈ ಮೇಲೆ ಒತ್ತಿ ಮಲಗಿದರೆ ಸುಳ್ಳು ಲೋ ತೋರಿಸುವುದೂ ಇದೆ. ವಿಟಮಿನ್ ಸಿ ಮಾತ್ರೆ ಜಾಸ್ತಿ ಡೋಸ್ ತೆಗೆದುಕೊಂಡರೆ ಕೆಲವು ಸೆನ್ಸರ್‌ಗಳು ತಪ್ಪು ತೋರಿಸುತ್ತವೆ. ಮೈಗೆ ಅನ್ನಿಸುವುದು ಒಂದು, ಸೆನ್ಸರ್ ಹೇಳುವುದು ಇನ್ನೊಂದು ಅಂದಾಗ ಬೆರಳು ಚುಚ್ಚಿ ನೋಡಿ. ದಿನದ ಶೇ 70ಕ್ಕಿಂತ ಹೆಚ್ಚು ಹೊತ್ತು 70ರಿಂದ 180ರ ನಡುವೆ ಇರಬೇಕು ಅನ್ನುವುದು ಹೆಚ್ಚಿನ ವಯಸ್ಕರಿಗೆ ಇಟ್ಟಿರುವ ಗುರಿ. ಪ್ರತಿ ಐದು ನಿಮಿಷಕ್ಕೊಮ್ಮೆ ಫೋನ್ ನೋಡುತ್ತಾ ಕೂರಬೇಡಿ, ದಿನದ ಕೊನೆಗೆ ಗೆರೆ ನೋಡಿದರೆ ಸಾಕು (ಅಲಾರಂ ಮಾತ್ರ ಆನ್ ಇರಲಿ).

ಸಂಖ್ಯೆ ಹೆದರಿಸಿದಾಗ

ಊಟಕ್ಕೆ ಇನ್ಸುಲಿನ್ ತೆಗೆದುಕೊಂಡವರು ಎರಡು ಗಂಟೆಗೆ 230 ನೋಡಿ ಗಾಬರಿಯಾಗಿ ಇನ್ನೊಂದು ಡೋಸ್ ಹಾಕಿಕೊಳ್ಳುವುದು ಅಪಾಯ. ಬೇಗ ಕೆಲಸ ಮಾಡುವ ಇನ್ಸುಲಿನ್ ಕೂಡ ಮೂರರಿಂದ ಐದು ಗಂಟೆ ಮೈಯಲ್ಲಿರುತ್ತದೆ, ಮೊದಲ ಡೋಸ್ ಇನ್ನೂ ಮುಗಿದಿಲ್ಲ. ಎರಡೂ ಸೇರಿ ಸ್ವಲ್ಪ ಹೊತ್ತಿಗೆ ಶುಗರ್ ಕುಸಿಯುತ್ತದೆ. ಹೆಚ್ಚುವರಿ ಡೋಸ್ ಯಾವಾಗ, ಎಷ್ಟು ಅಂತ ಮೊದಲೇ ಡಾಕ್ಟರ್ ಹತ್ತಿರ ಬರೆಸಿಟ್ಟುಕೊಳ್ಳಿ.

ಊಟದ ನಂತರವೂ 70ಕ್ಕಿಂತ ಕೆಳಗೆ ಬರಬಹುದು. ಬೆವರು, ನಡುಕ, ಎದೆ ಬಡಿತ ಬಂದರೆ ಕಾಯದೆ ನೋಡಿ, ಮೀಟರ್ ಹತ್ತಿರ ಇಲ್ಲದಿದ್ದರೆ ನೋಡದೆಯೇ ಚಿಕಿತ್ಸೆ ಮಾಡಿ. 15 ಗ್ರಾಂ ಸಕ್ಕರೆ ಅಥವಾ ಗ್ಲುಕೋಸ್ ಪುಡಿ ನೀರಿಗೆ ಹಾಕಿ ಕುಡಿದು 15 ನಿಮಿಷಕ್ಕೆ ಮತ್ತೆ ನೋಡಿ, ಇನ್ನೂ ಕಡಿಮೆ ಇದ್ದರೆ ಮತ್ತೊಮ್ಮೆ. ಚಾಕೊಲೇಟ್ ಬೇಡ, ಅದರ ಕೊಬ್ಬು ತಡ ಮಾಡುತ್ತದೆ. ಅಕಾರ್ಬೋಸ್ ಅಥವಾ ವೋಗ್ಲಿಬೋಸ್ ಮಾತ್ರೆ ತೆಗೆದುಕೊಳ್ಳುವವರು ಗಮನಿಸಿ, ಆ ಮಾತ್ರೆ ಇರುವುದೇ ಸಕ್ಕರೆ ಒಡೆಯುವುದನ್ನು ನಿಧಾನ ಮಾಡಲು. ನಿಮಗೆ ಅಡುಗೆ ಸಕ್ಕರೆ ಬೇಗ ಕೆಲಸಕ್ಕೆ ಬರುವುದಿಲ್ಲ, ಗ್ಲುಕೋಸ್ ಪುಡಿಯೇ ಬೇಕು. ಇದನ್ನು ಮನೆಯವರಿಗೂ ಹೇಳಿಡಿ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು, ತಕ್ಷಣ ಆಸ್ಪತ್ರೆಗೆ ಒಯ್ಯಬೇಕು.

ಶುಗರ್ 250 ದಾಟಿ ಇಳಿಯದೇ ಇದ್ದು ಜೊತೆಗೆ ವಾಂತಿ, ಹೊಟ್ಟೆನೋವು, ಏದುಸಿರು ಇದ್ದರೆ, ಅದರಲ್ಲೂ ಟೈಪ್ 1 ಇರುವವರಲ್ಲಿ, ಕೀಟೋನ್ (ಇನ್ಸುಲಿನ್ ಸಾಲದೆ ಮೈ ಕೊಬ್ಬನ್ನು ಕರಗಿಸುವಾಗ ರಕ್ತಕ್ಕೆ ಸೇರುವ ಆಮ್ಲ) ನೋಡಬೇಕು. ಮನೆಯಲ್ಲಿ ನೋಡುವ ವ್ಯವಸ್ಥೆ ಇಲ್ಲದಿದ್ದರೆ ನೇರ ಆಸ್ಪತ್ರೆಗೇ ಹೋಗಿ. ಮೀಟರ್ ಸಂಖ್ಯೆ ಬಿಟ್ಟು ಬರೀ ಹೈ ಅಂತ ತೋರಿಸಿದರೆ ಅದು ಅಳೆಯುವ ಮಿತಿಯನ್ನೇ ಮೀರಿದೆ ಅಂತ. ಕೈ ತೊಳೆದು ಇನ್ನೊಮ್ಮೆ ನೋಡಿ, ಮತ್ತೆ ಅದೇ ಬಂದರೆ ಹೊರಡಿ.

ಇದ್ಯಾವುದೂ ಇಲ್ಲದೆ, ಬರೀ ಒಂದೇ ಹೊತ್ತಿನ ಜೋಡಿಗಳು ವಾರವಿಡೀ 180 ದಾಟುತ್ತಿದ್ದರೆ ಗಾಬರಿ ಬೇಡ, ಮುಂದಿನ ಭೇಟಿಯನ್ನು ಸ್ವಲ್ಪ ಮುಂಚೆ ಮಾಡಿಕೊಳ್ಳಿ. ಹೋಗುವಾಗ ಇಡೀ ಮೀಟರ್ ಮೆಮೊರಿ ತೋರಿಸಬೇಡಿ, ಅಷ್ಟು ಹೊತ್ತು ಯಾರಿಗೂ ಇರುವುದಿಲ್ಲ. ಪುಸ್ತಕದಲ್ಲಿ ಜಾಸ್ತಿ ಏರಿದ ಜೋಡಿಗಳಿಗೆ ಗುರುತು ಹಾಕಿ, ಅವು ಯಾವ ಊಟದ್ದು, ನೀವು ಏನು ಬದಲಿಸಿ ನೋಡಿದಿರಿ, ಆಗ ಎಷ್ಟು ಬಂತು ಅಂತ ತೋರಿಸಿ. ಮಾತ್ರೆಯನ್ನು ಯಾವ ಹೊತ್ತಿಗೆ ಬದಲಿಸಬೇಕು ಅಂತ ಡಾಕ್ಟರ್ ಅಲ್ಲೇ ನೋಡಿ ಹೇಳಬಹುದು.